ಮಗುವನ್ನು ಎಮರ್ಜೆನ್ಸಿಗೆ ಕರೆತರುವುದು: ಯಾವಾಗ, ಹೇಗೆ, ಆಮೇಲೇನು

ರಾತ್ರಿ ಹತ್ತು ದಾಟಿದ ಮೇಲೆ ಮಕ್ಕಳ ಎಮರ್ಜೆನ್ಸಿಗೆ ಬರುವವರಲ್ಲಿ ಎರಡು ಥರದವರು. ಬೆಳಿಗ್ಗೆ ಒಪಿಡಿಗೆ ಬಂದಿದ್ದರೂ ನಡೆಯುತ್ತಿತ್ತು ಅನ್ನುವಂಥವರು ಒಂದು. ಹಿಂದಿನ ದಿನವೇ ಬರಬೇಕಿತ್ತು ಅನ್ನುವಂಥವರು ಇನ್ನೊಂದು. ದಾವಣಗೆರೆಯಲ್ಲಿ ಮಕ್ಕಳ ತುರ್ತು ವಿಭಾಗದ ನರ್ಸ್ ಆಗಿರುವ ನನಗೆ ಮೊದಲನೆಯವರ ಮೇಲೆ ಸಿಟ್ಟಿಲ್ಲ. ಹೆದರಿ ಬಂದರು, ಮಗು ಚೆನ್ನಾಗಿದೆ ಅಂತ ಗೊತ್ತಾಗಿ ಹೋದರು, ಅಷ್ಟೇ ಅಲ್ವಾ. ಈ ಬರಹ ಎರಡನೆಯವರಿಗಾಗಿ. ಬಹಳ ಸಲ ಮಗುವಿನ ಗತಿ ಆಸ್ಪತ್ರೆಯ ಗೇಟು ಮುಟ್ಟುವ ಮೊದಲೇ, ಮನೆಯಲ್ಲಿ ಮತ್ತು ದಾರಿಯಲ್ಲಿ ಕಳೆದ ಹೊತ್ತಿನಲ್ಲೇ ತೀರ್ಮಾನ ಆಗಿರುತ್ತದೆ. ಆ ಹೊತ್ತಿನಲ್ಲಿ ಏನು ನೋಡಬೇಕು, ಏನು ಮಾಡಬೇಕು, ಏನು ಮಾಡಬಾರದು ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ.

ಹಂತ 1: ಥರ್ಮಾಮೀಟರ್ ಆಮೇಲೆ, ಮೊದಲು ಮಗುವನ್ನು ನೋಡಿ

ಮಗು ಬಾಗಿಲಲ್ಲಿ ಕಾಣಿಸುತ್ತಲೇ, ಮುಟ್ಟುವ ಮೊದಲೇ, ನಾವು ಮೂರು ವಿಷಯ ಗಮನಿಸುತ್ತೇವೆ. ಮಗು ಎಷ್ಟು ಎಚ್ಚರವಾಗಿದೆ, ಉಸಿರು ಹೇಗಿದೆ, ಮೈಬಣ್ಣ ಹೇಗಿದೆ. ಅರ್ಧ ನಿಮಿಷದ ಕೆಲಸ. ಯಾವ ಮಶೀನೂ ಬೇಡ. ನೀವೂ ಮನೆಯಲ್ಲಿ ಇದನ್ನೇ ಮಾಡಬಹುದು.

ಮಗು ನಿಮ್ಮ ಮುಖ ನೋಡುತ್ತದಾ? ಕರೆದರೆ ತಿರುಗುತ್ತದಾ? ಕೈಗೆ ಏನಾದರೂ ಕೊಟ್ಟರೆ ಹಿಡಿಯುತ್ತದಾ? 103 ಜ್ವರ ಇದ್ದರೂ ಬಿಸ್ಕತ್ತಿಗೆ ಜಗಳ ಮಾಡುವ ಮಗುವಿನ ಬಗ್ಗೆ ನಮಗೆ ಅಷ್ಟು ಭಯ ಇಲ್ಲ. ಜ್ವರ 100 ಅಷ್ಟೇ ಇದ್ದು, ಅಮ್ಮನ ಹೆಗಲ ಮೇಲೆ ಒದ್ದೆ ಟವೆಲ್ ಹಾಗೆ ಜೋತುಬಿದ್ದ ಮಗುವನ್ನು ಕಂಡರೆ ಓಡುತ್ತೇವೆ.

ಜಗಳೂರು ಕಡೆಯಿಂದ ಬಂದ ಅಜ್ಜಿಯೊಬ್ಬರು ಮೊಮ್ಮಗನನ್ನು ಮಡಿಲಲ್ಲಿ ಹಾಕಿಕೊಂಡು ಬೆಂಚಿನ ಮೇಲೆ ಸುಮ್ನೆ ಕೂತಿದ್ದರು. ಮಧ್ಯಾಹ್ನದಿಂದ ಭೇದಿ. “ಈಗ ಆರಾಮದಾನೆ ಸಿಸ್ಟರ್, ಅಳೂದು ಬಿಟ್ಟಾನೆ” ಅಂದರು. ನಾನು ಹುಡುಗನ ಪಾದ ಮುಟ್ಟಿದೆ. ತಣ್ಣಗಿತ್ತು. ಬೆರಳಿನ ಉಗುರು ಒತ್ತಿ ಬಿಟ್ಟರೆ ಬಿಳಿಚಿದ್ದು ಮತ್ತೆ ಕೆಂಪಾಗಲು ಮೂರು ಸೆಕೆಂಡ್ ದಾಟಿತು. ಆ ಮಗು ಆರಾಮಾಗಿರಲಿಲ್ಲ, ಅಳುವ ಶಕ್ತಿಯೇ ಇರಲಿಲ್ಲ. ಅವತ್ತು ಸರಿಯಾದ ಹೊತ್ತಿಗೆ ಡ್ರಿಪ್ ಹೋಯಿತು, ಮಾರನೇ ದಿನ ಅವನು ವಾರ್ಡಿನಲ್ಲಿ ಓಡಾಡುತ್ತಿದ್ದ. ಆದರೆ ನೆನಪಿಡಿ, ಕಾಯಿಲೆಯ ಮಗು ಇದ್ದಕ್ಕಿದ್ದಂತೆ ಸುಮ್ಮನಾದರೆ ಅದು ಒಳ್ಳೆಯ ಸುದ್ದಿ ಅಂದುಕೊಳ್ಳಬೇಡಿ.

ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯಬೇಡಿ:

- ಹಾಲು, ನೀರು ಏನನ್ನೂ ಕುಡಿಯುತ್ತಿಲ್ಲ. ಕೂಸು ಮೊಲೆ ಹಿಡಿಯುತ್ತಿಲ್ಲ
- ಕುಡಿದದ್ದೆಲ್ಲ ವಾಂತಿ
- ಫಿಟ್ಸ್ ಬಂದಿದೆ
- ಎಬ್ಬಿಸಿದರೂ ಏಳುತ್ತಿಲ್ಲ, ಅಥವಾ ಎದ್ದರೂ ಮಂಕು
- ತುಟಿ, ನಾಲಿಗೆ ನೀಲಿ ಅಥವಾ ಬೂದಿ ಬಣ್ಣ
- ಜ್ವರದ ಜೊತೆ ಕುತ್ತಿಗೆ ಬಗ್ಗಿಸಲು ಆಗುತ್ತಿಲ್ಲ, ಅಥವಾ ಒತ್ತಿದರೂ ಮಾಯವಾಗದ ಕೆಂಪು-ನೇರಳೆ ಚುಕ್ಕೆಗಳು

ಮೊದಲ ನಾಲ್ಕನ್ನು ಅಂಗನವಾಡಿ, ಆಶಾ ಕಾರ್ಯಕರ್ತೆಯರಿಗೂ ಕಲಿಸಿರುತ್ತಾರೆ. ರಾತ್ರಿ ಗೊಂದಲವಾದರೆ ನಿಮ್ಮ ಊರಿನ ಆಶಾ ಅಕ್ಕನಿಗೆ ಒಂದು ಫೋನ್ ಮಾಡಿ, ಅಥವಾ 104 ಆರೋಗ್ಯ ಸಹಾಯವಾಣಿಗೆ ಮಾಡಿ.

ಹಂತ 2: ಉಸಿರು ಎಣಿಸಿ

ಕೆಮ್ಮು, ಕಫ ಇರುವ ಮಗುವಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಮನೆಯಲ್ಲಿ ಇನ್ನೊಂದಿಲ್ಲ. ಆದರೆ ಹೆಚ್ಚಿನವರು ಸರಿಯಾಗಿ ಎಣಿಸುವುದಿಲ್ಲ.

ಮಗು ಮಲಗಿರುವಾಗ ಅಥವಾ ಮಡಿಲಲ್ಲಿ ಶಾಂತವಾಗಿರುವಾಗ ಎಣಿಸಬೇಕು. ಅಳುವಾಗ, ಹಾಲು ಕುಡಿಯುವಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಅಂಗಿಯನ್ನು ಎದೆಯವರೆಗೆ ಎತ್ತಿ. ಲೈಟ್ ಹಾಕಿ. ಮೊಬೈಲಿನಲ್ಲಿ ಒಂದು ನಿಮಿಷದ ಟೈಮರ್ ಇಡಿ. ಹೊಟ್ಟೆ ಒಂದು ಸಲ ಮೇಲೆದ್ದು ಇಳಿದರೆ ಒಂದು ಉಸಿರು. ಪೂರ್ತಿ ಒಂದು ನಿಮಿಷ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡ, ಎಳೆ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ.

2 ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, 2 ತಿಂಗಳಿಂದ 1 ವರ್ಷದವರೆಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದವರೆಗೆ 40 ಅಥವಾ ಹೆಚ್ಚು ಬಂದರೆ ಅದು ಜೋರು ಉಸಿರು. ನ್ಯುಮೋನಿಯಾ ಇರಬಹುದು ಅಂತ ಅರ್ಥ. ಎಳೆ ಕೂಸಿಗೆ 60 ದಾಟಿದರೆ ಇನ್ನೊಮ್ಮೆ ಎಣಿಸಿ, ಆಗಲೂ ಅಷ್ಟೇ ಬಂದರೆ ಹೊರಡಿ.

ಎಣಿಸುವಾಗಲೇ ಪಕ್ಕೆಲುಬಿನ ಕೆಳಗೆ ಕಣ್ಣಿಡಿ. ಉಸಿರು ಒಳಗೆ ತೆಗೆದುಕೊಂಡಾಗ ಆ ಜಾಗ ಉಬ್ಬುವ ಬದಲು ಗುಳಿ ಬೀಳುತ್ತದಾ? ಮೂಗಿನ ಹೊಳ್ಳೆ ಅರಳುತ್ತದಾ? ಪ್ರತಿ ಉಸಿರಿಗೂ ನರಳುವ ಸದ್ದು ಬರುತ್ತದಾ? ಹೀಗಿದ್ದರೆ ಲೆಕ್ಕ ಎಷ್ಟೇ ಬರಲಿ, ಮಗು ಉಸಿರಿಗೆ ಕಷ್ಟಪಡುತ್ತಿದೆ. ಒಂದು ವಿಡಿಯೋ ಮಾಡಿಕೊಳ್ಳಿ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಅಳುತ್ತಿದ್ದರೆ ನಮಗೆ ಆ ವಿಡಿಯೋ ಬಹಳ ಉಪಯೋಗ.

ಕೆಮ್ಮಿನ ಸಿರಪ್ ಬಗ್ಗೆ ಒಂದು ಮಾತು. 2025ರಲ್ಲಿ ಮಧ್ಯಪ್ರದೇಶದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತ ಮೇಲೆ, 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಸಿರಪ್ ಕೊಡಲೇಬಾರದು, 5 ವರ್ಷದೊಳಗೆ ಸಾಮಾನ್ಯವಾಗಿ ಬೇಡ ಅಂತ ಕೇಂದ್ರ ಆರೋಗ್ಯ ಇಲಾಖೆ ಹೇಳಿತು. ಮೆಡಿಕಲ್ ಶಾಪಿನಲ್ಲಿ “ಮಗೂಗೆ ಕೆಮ್ಮು, ಏನಾದ್ರೂ ಕೊಡಿ” ಅಂತ ಕೇಳುವ ರೂಢಿ ಬಿಡಬೇಕು.

ಹಂತ 3: ಜ್ವರ

ಇಲ್ಲಿ ಮೊದಲ ಪ್ರಶ್ನೆ ವಯಸ್ಸಿನದು. 3 ತಿಂಗಳೊಳಗಿನ ಕೂಸಿಗೆ 100.4 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮನೆಮದ್ದೂ ಇಲ್ಲ, ಸಿರಪ್ಪೂ ಇಲ್ಲ, ಸೀದಾ ಆಸ್ಪತ್ರೆ. ಆ ವಯಸ್ಸಿನ ಕೂಸು ರಕ್ತಕ್ಕೆ ಸೋಂಕು ಹತ್ತಿದರೂ ಜಾಸ್ತಿ ಲಕ್ಷಣ ತೋರಿಸುವುದಿಲ್ಲ. ಜ್ವರದ ಬದಲು ಮೈ ತಣ್ಣಗಾಗಿ ಹಾಲು ಬಿಟ್ಟರೂ ಅಷ್ಟೇ ಅಪಾಯ.

ದೊಡ್ಡ ಮಕ್ಕಳಿಗೆ ಪ್ಯಾರಸಿಟಮಾಲ್ ಸಾಕು. ತೂಕದ ಪ್ರತಿ ಕೆಜಿಗೆ ಒಂದು ಸಲಕ್ಕೆ 15 ಮಿಲಿಗ್ರಾಂ, 6 ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ದಾಟಬಾರದು. 10 ಕೆಜಿ ಮಗುವಿಗೆ 150 ಮಿಲಿಗ್ರಾಂ ಆಯಿತು. ತೊಂದರೆ ಆಗುವುದು ಬಾಟಲಿಯಲ್ಲಿ. ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿಲಿಗ್ರಾಂ ಇರುತ್ತದೆ, ಆಗ ಒಂದೂವರೆ ಮಿ.ಲೀ. ಸಾಕು. ಸಿರಪ್‌ನಲ್ಲಿ 5 ಮಿ.ಲೀ.ಗೆ 250 ಇದ್ದರೆ 3 ಮಿ.ಲೀ. ಬೇಕು, 120 ಇದ್ದರೆ ಸುಮಾರು 6 ಮಿ.ಲೀ. ಬೇಕು. ಅಕ್ಕನ ಮನೆಯಿಂದ ತಂದ ಬಾಟಲಿ, “ಒಂದು ಚಮಚ ಹಾಕು” ಅನ್ನುವ ಅಂದಾಜು, ಇವೆರಡೂ ಸೇರಿದರೆ ಡೋಸ್ ಅರ್ಧವೂ ಆಗಬಹುದು, ಎರಡರಷ್ಟೂ ಆಗಬಹುದು. ಲೇಬಲ್ ಓದಿ, ಬಾಟಲಿ ಜೊತೆ ಬಂದ ಅಳತೆ ಮುಚ್ಚಳವನ್ನೇ ಬಳಸಿ.

ಮಳೆ ಶುರುವಾದ ಮೇಲೆ ನಮ್ಮಲ್ಲಿ ಡೆಂಗಿ. ಇದರಲ್ಲಿ ಜನ ಎಡವುವುದು ಒಂದೇ ಕಡೆ. ಮೂರನೇ ನಾಲ್ಕನೇ ದಿನ ಜ್ವರ ಇಳಿಯುತ್ತದೆ, ಮನೆಯವರಿಗೆ ನೆಮ್ಮದಿ. ನಮಗೆ ಆಗ ಆತಂಕ ಶುರು. ಜ್ವರ ಬಿಟ್ಟ ಮೇಲಿನ ಒಂದೆರಡು ದಿನ ರಕ್ತನಾಳದಿಂದ ನೀರಿನಂಶ ಸೋರಿ ಬಿಪಿ ಬೀಳಬಹುದು. ಆಗ ವಿಪರೀತ ಹೊಟ್ಟೆನೋವು, ಪದೇ ಪದೇ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಆರು ಗಂಟೆ ಮೂತ್ರ ಮಾಡದೇ ಇರುವುದು, ಇವುಗಳಲ್ಲಿ ಒಂದಿದ್ದರೂ ಹೊರಡಿ. ಪ್ಲೇಟ್‌ಲೆಟ್ ನಂಬರ್ ಒಂದನ್ನೇ ನೋಡುತ್ತಾ ಕೂರಬೇಡಿ. ಡೆಂಗಿ ಅನುಮಾನ ಇದ್ದರೆ ಐಬುಪ್ರೊಫೆನ್, ಆಸ್ಪಿರಿನ್, ಜ್ವರ ಬೇಗ ಇಳಿಸುವ ಸೂಜಿ, ಯಾವುದೂ ಬೇಡ.

ಹಂತ 4: ಫಿಟ್ಸ್ ಬಂದರೆ

ನೋಡುವವರ ಜೀವ ಬಾಯಿಗೆ ಬರುತ್ತದೆ. ಆದರೆ 6 ತಿಂಗಳಿಂದ 5 ವರ್ಷದ ಮಕ್ಕಳಲ್ಲಿ ಜ್ವರದಿಂದ ಬರುವ ಫಿಟ್ಸ್ ಅಪರೂಪವೇನಲ್ಲ. ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಒಮ್ಮೆಯಾದರೂ ಬರುತ್ತದೆ. ಹೆಚ್ಚಿನವು ಐದು ನಿಮಿಷದೊಳಗೆ ತಾವಾಗಿಯೇ ನಿಲ್ಲುತ್ತವೆ.

ಮಗುವನ್ನು ನೆಲದ ಮೇಲೆ ಅಥವಾ ಚಾಪೆಯ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ. ಕುತ್ತಿಗೆಯ ಗುಂಡಿ, ತಾಯತದ ದಾರ ಸಡಿಲ ಮಾಡಿ. ಬಾಯಿಂದ ಬರುವ ಜೊಲ್ಲು ಹೊರಗೆ ಹರಿಯಲಿ. ಗಡಿಯಾರ ನೋಡಿ. ಇನ್ನೊಬ್ಬರು ಪಕ್ಕದಲ್ಲಿದ್ದರೆ ವಿಡಿಯೋ ತೆಗೆಯಲಿ. ಇಷ್ಟೇ ಕೆಲಸ.

ಕೈಗೆ ಕೀಲಿಕೈ ಕೊಡುವುದು, ಈರುಳ್ಳಿ ಅಥವಾ ಚಪ್ಪಲಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತೂರಿಸುವುದು, ಬಾಯಿಗೆ ನೀರು ಹಾಕುವುದು ಬೇಡವೇ ಬೇಡ. ಫಿಟ್ಸ್ ನಿಂತದ್ದು ಕೀಲಿಕೈಯಿಂದಲ್ಲ, ನಿಲ್ಲುವ ಹೊತ್ತಿಗೆ ಕೀಲಿಕೈ ಕೈಯಲ್ಲಿತ್ತು ಅಷ್ಟೇ. ಬಾಲಗ್ರಹ ಅಂತ ಹೇಳಿ ಹೊಟ್ಟೆಗೆ ಬರೆ ಹಾಕಿಸಿದ ಕೂಸುಗಳನ್ನು ಇವತ್ತಿಗೂ ನೋಡುತ್ತೇವೆ. ಆಗ ಫಿಟ್ಸ್ ಜೊತೆ ಸುಟ್ಟ ಗಾಯಕ್ಕೂ ಚಿಕಿತ್ಸೆ ಮಾಡಬೇಕು. ಹಿರಿಯರು ಹಠ ಹಿಡಿದರೆ ಜಗಳ ಬೇಡ, “ಮೊದಲು ಆಸ್ಪತ್ರೆಗೆ ತೋರಿಸಿ ಬರ್ತೀವಿ ಅಜ್ಜಿ” ಅಂದು ಹೊರಟುಬಿಡಿ.

ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಹಿಂದೆ ಒಮ್ಮೆ ಬಂದಿದ್ದು, ಡಾಕ್ಟರು ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ ಬರೆದುಕೊಟ್ಟಿದ್ದರೆ ಆಗ ಬಳಸಿ. ಐದು ನಿಮಿಷದೊಳಗೆ ನಿಂತರೂ ಮೊದಲ ಸಲದ್ದಾದರೆ ಅವತ್ತೇ ತೋರಿಸಿ. ಜ್ವರವೇ ಇಲ್ಲದೆ ಬಂದರೆ, ಒಂದೇ ದಿನದಲ್ಲಿ ಎರಡು ಸಲ ಬಂದರೆ, ಮೈಯ ಒಂದೇ ಕಡೆ ಬಂದರೆ ಇನ್ನೂ ಬೇಗ.

ಹಂತ 5: ವಾಂತಿ ಭೇದಿ

ಓಆರ್‌ಎಸ್ ಪಾಕೆಟ್ ಮನೆಯಲ್ಲಿ ಇಟ್ಟುಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ, ಅಂಗನವಾಡಿಯಲ್ಲಿ ಪುಕ್ಕಟೆ ಸಿಗುತ್ತದೆ. ದೊಡ್ಡ ಪಾಕೆಟ್ ಆದರೆ ಪೂರ್ತಿ ಒಂದು ಲೀಟರ್ ನೀರಿಗೆ ಪೂರ್ತಿ ಪಾಕೆಟ್. ಲೋಟಕ್ಕೆ ಚಿಟಿಕೆ ಚಿಟಿಕೆ ಹಾಕಿ ಕೊಡುವುದು ತಪ್ಪು. ನೀರು ಕಡಿಮೆಯಾದರೆ ಉಪ್ಪು ಜಾಸ್ತಿಯಾಗಿ ಮಗುವಿನ ಮೆದುಳಿಗೇ ತೊಂದರೆ. ನೀರು ಜಾಸ್ತಿಯಾದರೆ ಪ್ರಯೋಜನವಿಲ್ಲ. 200 ಮಿ.ಲೀ.ನ ಚಿಕ್ಕ ಪಾಕೆಟ್ಟೂ ಬರುತ್ತದೆ, ಹಿಂಬದಿ ಓದಿಕೊಳ್ಳಿ. ಕಲಸಿದ್ದನ್ನು 24 ಗಂಟೆಯ ಮೇಲೆ ಚೆಲ್ಲಿ. ಟೆಟ್ರಾ ಪ್ಯಾಕಿನಲ್ಲಿ ಬರುವ ಹಣ್ಣಿನ ರುಚಿಯ ಸಿಹಿ ಪಾನೀಯ ಓಆರ್‌ಎಸ್ ಅಲ್ಲ. ಅದರ ಸಕ್ಕರೆಗೆ ಭೇದಿ ಇನ್ನೂ ಜಾಸ್ತಿ ಆಗುತ್ತದೆ.

ಪ್ರತಿ ಭೇದಿಗೆ 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ. ವಾಂತಿ ಮಾಡಿತು ಅಂತ ನಿಲ್ಲಿಸಬೇಡಿ. ಹತ್ತು ನಿಮಿಷ ಬಿಟ್ಟು, ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರು ಮಾಡಿ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಎಷ್ಟೋ ಮಕ್ಕಳಿಗೆ ಡ್ರಿಪ್ ತಪ್ಪಿಸುವುದು ಈ ಚಮಚವೇ. ಎದೆಹಾಲು, ಗಂಜಿ, ಮೊಸರನ್ನ ಬಿಡಿಸಬೇಡಿ. ಜಿಂಕ್ ಮಾತ್ರೆ 14 ದಿನ ಕೊಡಬೇಕು: 6 ತಿಂಗಳ ಮೇಲಿನವರಿಗೆ ದಿನಕ್ಕೆ 20 ಮಿಲಿಗ್ರಾಂ, 2ರಿಂದ 6 ತಿಂಗಳವರಿಗೆ 10. ಭೇದಿ ನಿಂತ ಮೂರನೇ ದಿನಕ್ಕೇ ಎಲ್ಲರೂ ಬಿಡುತ್ತಾರೆ. ಬಿಡಬೇಡಿ.

ಕಣ್ಣು ಗುಳಿ ಬಿದ್ದಿದ್ದರೆ, ಕೂಸಿನ ನೆತ್ತಿ ಕುಸಿದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನಕ್ಕೆ ಕೆಳಗೆ ಹೋದರೆ, ಮಲದಲ್ಲಿ ರಕ್ತ ಇದ್ದರೆ, ವಾಂತಿ ಹಸಿರಾಗಿದ್ದರೆ ಮನೆಯ ಆಟ ಮುಗಿಯಿತು, ಬನ್ನಿ. ದಾರಿಯಲ್ಲೂ ಚಮಚ ನಿಲ್ಲಬಾರದು.

ಹಂತ 6: ನಮ್ಮ ಸೀಮೆಯ ಅಪಾಯಗಳು

ಯಾವ ಊರಿನ ಎಮರ್ಜೆನ್ಸಿಗೂ ಅಲ್ಲಿನ ಮಣ್ಣಿನ ಗುರುತಿರುತ್ತದೆ. ನಮ್ಮದು ಕಲ್ಲು, ಹೊಲ, ಗುಡ್ಡ.

ಚಿತ್ರದುರ್ಗ, ಚಳ್ಳಕೆರೆ, ಜಗಳೂರಿನ ಕಲ್ಲುಭೂಮಿಯಲ್ಲಿ ಚೇಳು ಜಾಸ್ತಿ. ಕೆಂಪು ಚೇಳು ಕುಟುಕಿದಾಗ ಬರೀ ನೋವಿದ್ದರೆ ಅದು ಒಳ್ಳೆಯದೇ. ಮಗುವಿಗೆ ವಾಂತಿಯಾಗಿ, ಹಣೆ ಮತ್ತು ಬೆನ್ನು ತೊಯ್ದುಹೋಗುವಷ್ಟು ಬೆವರು ಬಂದು, ಅಂಗೈ ಅಂಗಾಲು ತಣ್ಣಗಾದರೆ ವಿಷ ಹೃದಯಕ್ಕೆ ಹತ್ತಿದೆ. ಆಗ ನೋವು ಕಡಿಮೆಯಾದಂತೆ ಕಾಣುತ್ತದೆ, ಮನೆಯವರು ಮೋಸ ಹೋಗುತ್ತಾರೆ. ಮಹಾರಾಷ್ಟ್ರದ ಮಹಾಡ್ ಊರಿನ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು 1980ರ ದಶಕದಲ್ಲಿ ಪ್ರಾಜೋಸಿನ್ ಅನ್ನುವ ಬಿಪಿ ಮಾತ್ರೆ ಇದಕ್ಕೆ ಕೆಲಸ ಮಾಡುತ್ತದೆ ಅಂತ ತೋರಿಸಿಕೊಟ್ಟರು. ಆಮೇಲೆ ಚೇಳಿನಿಂದ ಮಕ್ಕಳು ಸಾಯುವುದು ಬಹಳ ಕಡಿಮೆಯಾಯಿತು. ಅಗ್ಗದ ಮಾತ್ರೆ, ಆದರೆ ಬೇಗ ಸಿಗಬೇಕು. ಡೋಸ್ ತೂಕ ನೋಡಿ, ಬಿಪಿ ನೋಡಿ ಕೊಡುವಂಥದ್ದು, ಮನೆಯಲ್ಲಿ ಪ್ರಯತ್ನಿಸುವಂಥದ್ದಲ್ಲ.

ಹಾವು ಕಡಿದರೆ ಮಗುವನ್ನು ಓಡಿಸಬೇಡಿ, ಎತ್ತಿಕೊಳ್ಳಿ. ಕಡಿದ ಕೈ ಅಥವಾ ಕಾಲಿಗೆ ಮುರಿದ ಮೂಳೆಗೆ ಕಟ್ಟುವಂತೆ ಕಡ್ಡಿ ಇಟ್ಟು ಅಲುಗಾಡದಂತೆ ಮಾಡಿ. ಬಿಗಿಯಾಗಿ ಹಗ್ಗ ಕಟ್ಟುವುದು, ಬ್ಲೇಡಿನಲ್ಲಿ ಕೊಯ್ಯುವುದು, ಬಾಯಿ ಹಾಕಿ ಹೀರುವುದು ಬೇಡ. ಕಾಲ್ಗೆಜ್ಜೆ, ಉಡಿದಾರ, ಬಳೆ ತೆಗೆಯಿರಿ. ಊತ ಬಂದ ಮೇಲೆ ಬರುವುದಿಲ್ಲ. ಹಾವನ್ನು ಹೊಡೆದು ಚೀಲದಲ್ಲಿ ತರಬೇಕಾಗಿಲ್ಲ. ನಾವು ಒಂದಿಷ್ಟು ರಕ್ತವನ್ನು ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತೇವೆ. ಟ್ಯೂಬು ವಾಲಿಸಿದಾಗ ರಕ್ತ ಹೆಪ್ಪುಗಟ್ಟದೆ ಹರಿದರೆ ಮಂಡಲದಂಥ ಹಾವಿನ ವಿಷ ಏರಿದೆ ಅಂತ ಗೊತ್ತಾಗುತ್ತದೆ. ಕಟ್ಟುಹಾವು ಹಾಗಲ್ಲ. ನೆಲದ ಮೇಲೆ ಮಲಗಿದ ಮಗುವನ್ನು ರಾತ್ರಿ ಕಡಿಯುತ್ತದೆ, ಗಾಯವೇ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದ ಮಗುವಿನ ರೆಪ್ಪೆ ಜೋತುಬೀಳುತ್ತಿದ್ದರೆ, ಮಾತು ತೊದಲಿದರೆ, ನುಂಗಲು ಕಷ್ಟವಾದರೆ ಅದು ಗ್ಯಾಸ್ಟ್ರಿಕ್ ಅಲ್ಲ. ವಿಷದ ಔಷಧಿ ತಾಲ್ಲೂಕು ಆಸ್ಪತ್ರೆಯಲ್ಲೇ ಇರುತ್ತದೆ. ಮಗು ಚಿಕ್ಕದು ಅಂತ ಡೋಸ್ ಕಡಿಮೆ ಮಾಡುವುದಿಲ್ಲ, ಹಾವು ಬಿಟ್ಟ ವಿಷ ದೊಡ್ಡವರಿಗೂ ಚಿಕ್ಕವರಿಗೂ ಅಷ್ಟೇ ಅಲ್ವಾ.

ಮೆಕ್ಕೆಜೋಳ, ಹತ್ತಿ, ಭತ್ತ, ಅಡಿಕೆ ಬೆಳೆಯುವ ಕಡೆ ಮನೆಯಲ್ಲಿ ಕ್ರಿಮಿನಾಶಕ ಇದ್ದೇ ಇರುತ್ತದೆ. ಉಳಿದ ಔಷಧಿಯನ್ನು ಕೂಲ್‌ಡ್ರಿಂಕ್ಸ್ ಬಾಟಲಿಗೆ ಸುರಿದಿಡುವುದು ನಮ್ಮ ದೊಡ್ಡ ಶತ್ರು. ಮಗು ಕುಡಿದಿದ್ದರೆ ವಾಂತಿ ಮಾಡಿಸಬೇಡಿ, ಉಪ್ಪುನೀರು ಬೇಡ. ಬಟ್ಟೆ ಬಿಚ್ಚಿ, ಮೈ ಸೋಪು ಹಾಕಿ ತೊಳೆದು, ಬಾಟಲಿ ಸಮೇತ ಬನ್ನಿ. ಸೀಮೆಎಣ್ಣೆ, ಥಿನ್ನರ್ ಕುಡಿದಾಗಲೂ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಇಲಿ ಪೇಸ್ಟ್ ತಿಂದ ಮಗು ಒಂದೆರಡು ದಿನ ಆಡಿಕೊಂಡೇ ಇರಬಹುದು. ಆಮೇಲೆ ಲಿವರ್ ಕೈಕೊಡುತ್ತದೆ. “ಚೆನ್ನಾಗೇ ಇದಾನಲ್ಲ” ಅಂತ ಕಾಯಬೇಡಿ.

ಶೇಂಗಾ. ಚಳ್ಳಕೆರೆಯ ಶೇಂಗಾ, ಮಂಡಕ್ಕಿಯೊಳಗಿನ ಶೇಂಗಾ. ಐದು ವರ್ಷದೊಳಗಿನ ಮಗುವಿನ ಕೈಗೆ ಇಡೀ ಬೀಜ ಕೊಡಬೇಡಿ. ಗಂಟಲಿಗೆ ಸಿಕ್ಕಿ ಕೆಮ್ಮಲೂ ಆಗದೆ, ಅಳಲೂ ಆಗದೆ ಇದ್ದರೆ: ಒಂದು ವರ್ಷದೊಳಗಿನ ಕೂಸನ್ನು ನಿಮ್ಮ ತೋಳಿನ ಮೇಲೆ ಮುಖ ಕೆಳಗೆ ಮಾಡಿ, ತಲೆ ತಗ್ಗಿಸಿ, ಹೆಗಲ ಮೂಳೆಗಳ ನಡುವೆ ಅಂಗೈಯಿಂದ 5 ಪೆಟ್ಟು. ಆಮೇಲೆ ಅಂಗಾತ ಮಾಡಿ, ಎದೆಯ ನಡುಮೂಳೆಯ ಮೇಲೆ ಎರಡು ಬೆರಳಿನಿಂದ 5 ಸಲ ಒತ್ತಿ. ದೊಡ್ಡ ಮಗುವಾದರೆ ಮುಂದಕ್ಕೆ ಬಾಗಿಸಿ ಬೆನ್ನಿಗೆ 5 ಪೆಟ್ಟು ಕೊಡಿ. ಬರದಿದ್ದರೆ ಹಿಂದೆ ನಿಂತು, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿ ಇಟ್ಟು ಒಳಕ್ಕೆ-ಮೇಲಕ್ಕೆ 5 ಸಲ ಎಳೆಯಿರಿ. ಕಾಣದ ಬೀಜಕ್ಕೆ ಬಾಯೊಳಗೆ ಬೆರಳು ಹಾಕಿ ಹುಡುಕಿದರೆ ಇನ್ನೂ ಒಳಗೆ ಹೋಗುತ್ತದೆ. ಕೆಮ್ಮಿ ಸರಿಯಾಯಿತು ಅಂದುಕೊಂಡ ಮೇಲೂ ಗೊರಗೊರ ಸದ್ದು ಉಳಿದರೆ ಬೀಜ ಶ್ವಾಸನಾಳದಲ್ಲೇ ಇರಬಹುದು.

ಉಳಿದವು ಚುಟುಕಾಗಿ. ಸಾರು, ಬಿಸಿನೀರು ಬಿದ್ದರೆ ನಲ್ಲಿ ನೀರಿನ ಕೆಳಗೆ 20 ನಿಮಿಷ. ಪೇಸ್ಟ್, ಇಂಕು, ಅರಿಶಿನ ಬೇಡ. ನಾಯಿ ಕಡಿದರೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ, ಖಾರದಪುಡಿ, ಸುಣ್ಣ ಬೇಡ, ಅವತ್ತೇ ಲಸಿಕೆ. ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದ್ದರೆ, ಪದೇ ಪದೇ ವಾಂತಿಯಾದರೆ, ಕಿವಿ-ಮೂಗಲ್ಲಿ ರಕ್ತ ಬಂದರೆ ತಡ ಬೇಡ. ಆಟಿಕೆಯ ಬಟನ್ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಲು ಶುರುವಾಗುತ್ತದೆ, ಸೀದಾ ಎಕ್ಸ್‌ರೇ ಇರುವ ಕಡೆ ಹೋಗಿ.

ಹಂತ 7: ಹೊರಡುವಾಗ

ಹತ್ತಿರದ ಆಸ್ಪತ್ರೆ ಮೊದಲು. ಹರಪನಹಳ್ಳಿಯಿಂದ ಹಿಡಿದು ಹೊಸದುರ್ಗದವರೆಗೆ ಎಲ್ಲರೂ “ದಾವಣಗೆರೆಗೇ ಹೋಗೋಣ” ಅನ್ನುತ್ತಾರೆ. ನಮ್ಮಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಬಾಪೂಜಿ ಮಕ್ಕಳ ಆಸ್ಪತ್ರೆ ಇದೆ, ನಿಜ. ಚಿತ್ರದುರ್ಗದವರಿಗೆ ಅಲ್ಲಿನ ಜಿಲ್ಲಾ ಆಸ್ಪತ್ರೆ ಇದೆ. ಆದರೆ ಫಿಟ್ಸ್ ನಿಲ್ಲದ ಮಗು, ಉಸಿರು ಕಟ್ಟುವ ಮಗು ದಾರಿಯ ತಾಲ್ಲೂಕು ಆಸ್ಪತ್ರೆ ದಾಟಿ ಬರಬಾರದು. ಅಲ್ಲಿ ಆಕ್ಸಿಜನ್, ಒಂದು ಸೂಜಿ, ಒಂದು ಡ್ರಿಪ್ ಸಿಕ್ಕರೆ ಮುಂದಿನ ದಾರಿ ಮಗು ತಡೆಯುತ್ತದೆ. ನ್ಯಾಮತಿ ಕಡೆಯವರಿಗೆ ಶಿವಮೊಗ್ಗ, ಮೊಳಕಾಲ್ಮೂರಿನವರಿಗೆ ಬಳ್ಳಾರಿ ಹತ್ತಿರವಾಗಬಹುದು. ಜಿಲ್ಲೆಯ ಗಡಿ ನೋಡಬೇಡಿ, ರಸ್ತೆ ನೋಡಿ.

108 ಪುಕ್ಕಟೆ. ಅದರಲ್ಲಿ ಆಕ್ಸಿಜನ್ನೂ ಇರುತ್ತದೆ, ತರಬೇತಿ ಪಡೆದ ಸ್ಟಾಫೂ ಇರುತ್ತಾರೆ. ಬೈಕಿನಲ್ಲಿ ನಡುವೆ ಸಿಕ್ಕಿಸಿಕೊಂಡು ಬಂದ ಮಗುವಿನ ಮೂಗು ಶಾಲಿನಲ್ಲಿ ಮುಚ್ಚಿಹೋಗಿರುವುದನ್ನು ಚಳಿಗಾಲದಲ್ಲಿ ಬಹಳ ನೋಡುತ್ತೇವೆ. ಮುಖ ತೆರೆದಿಡಿ.

ತಾಯಿ ಕಾರ್ಡ್, ಹಳೆಯ ಚೀಟಿಗಳು, ಕೊಟ್ಟ ಎಲ್ಲ ಔಷಧಿಯ ಬಾಟಲಿಗಳು, ರೇಷನ್ ಕಾರ್ಡ್, ಆಧಾರ್ ತನ್ನಿ. ಬಾಟಲಿ ಮರೆತರೆ ಫೋಟೋ ತರಿಸಿ. ಯಾವ ಔಷಧಿ, ಎಷ್ಟು, ಎಷ್ಟು ಗಂಟೆಗೆ ಅಂತ ಒಂದು ಕಾಗದದಲ್ಲಿ ಬರೆದಿಡಿ. ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ ಅಂತ ನಾವು ಕೇಳಿಯೇ ಕೇಳುತ್ತೇವೆ. ನಾಟಿ ಔಷಧಿ ಕೊಟ್ಟಿದ್ದರೆ, ಆರ್‌ಎಂಪಿ ಹತ್ತಿರ ಸೂಜಿ ಹಾಕಿಸಿದ್ದರೆ ಮುಚ್ಚಿಡಬೇಡಿ. ಬೈಯುವುದಕ್ಕಲ್ಲ, ಅದೇ ಔಷಧಿ ಮತ್ತೆ ಹೋಗಬಾರದು ಅಂತ.

ಹಂತ 8: ಒಳಗೆ ಏನು ನಡೆಯುತ್ತದೆ

ಬಂದ ಕ್ರಮದಲ್ಲಿ ನೋಡುವುದಿಲ್ಲ, ಕಾಯಿಲೆಯ ಕ್ರಮದಲ್ಲಿ ನೋಡುತ್ತೇವೆ. ಕೆಂಪು ಅಂದರೆ ಈಗಲೇ, ಹಳದಿ ಅಂದರೆ ಸ್ವಲ್ಪ ಹೊತ್ತಿನಲ್ಲಿ, ಹಸಿರು ಅಂದರೆ ಕಾಯಬಹುದು. ನಿಮ್ಮ ಹಿಂದೆ ಬಂದವರು ಮುಂದೆ ಹೋದರೆ ಅವರ ಮಗು ನಿಮ್ಮದಕ್ಕಿಂತ ಕಷ್ಟದಲ್ಲಿದೆ. ಆದರೆ ಕಾಯುವಾಗ ಮಗು ಮಂಕಾದರೆ, ಉಸಿರು ಜೋರಾದರೆ ಕ್ಯೂ ಬಿಟ್ಟು ಬಂದು ಕೂಗಿ ಹೇಳಿ. ಸಂಕೋಚ ಬೇಡ.

ಮೊದಲು ತೂಕ, ಯಾಕೆಂದರೆ ಮಕ್ಕಳ ಪ್ರತಿ ಔಷಧಿಯೂ ಕೆಜಿ ಲೆಕ್ಕ. ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್: 94 ಮತ್ತು ಮೇಲಿದ್ದರೆ ಸಾಮಾನ್ಯವಾಗಿ ಸರಿ, 90ಕ್ಕಿಂತ ಕೆಳಗಿದ್ದರೆ ಆಕ್ಸಿಜನ್ ಬೇಕೇ ಬೇಕು. ಆಮೇಲೆ ರಕ್ತದ ಸಕ್ಕರೆ. ಕೈ ಮೇಲೆ ಕ್ಯಾನುಲಾ, ಅಂದರೆ ಡ್ರಿಪ್ ಹೋಗುವ ಸಣ್ಣ ನಳಿಕೆ. ನೀರಿಲ್ಲದೆ ಬತ್ತಿದ ಮಗುವಿಗೆ ನರ ಸಿಗುವುದಿಲ್ಲ, ಎರಡು ಮೂರು ಕಡೆ ಚುಚ್ಚಬೇಕಾಗಬಹುದು. ತೀರಾ ಗಂಭೀರವಾಗಿದ್ದರೆ ಮೊಣಕಾಲ ಕೆಳಗಿನ ಮೂಳೆಗೇ ಸೂಜಿ ಹಾಕುತ್ತಾರೆ. ನೋಡಿದರೆ ಎದೆ ಝಲ್ಲೆನ್ನುತ್ತದೆ, ಆದರೆ ಆ ಕ್ಷಣದಲ್ಲಿ ಔಷಧಿ ಬೇಗ ರಕ್ತಕ್ಕೆ ಸೇರುವ ದಾರಿ ಅದೇ. ಹೊರಗೆ ಹೋಗಿ ಅಂದರೆ ಹೋಗಿ, ಇರಿ ಅಂದರೆ ಮಗುವಿನ ತಲೆಯ ಹತ್ತಿರ ನಿಂತು ಮಾತಾಡಿಸಿ.

ಹಾವು, ವಿಷ, ಸುಟ್ಟ ಗಾಯ, ಅಪಘಾತಕ್ಕೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸಿನ ದಾಖಲೆ) ಬರೆಯುತ್ತಾರೆ, ಪೊಲೀಸರಿಗೆ ಮಾಹಿತಿ ಹೋಗುತ್ತದೆ. ಅದು ನಿಯಮ, ನಿಮ್ಮ ಮೇಲಿನ ಅನುಮಾನವಲ್ಲ. ಅದಕ್ಕಾಗಿ ಚಿಕಿತ್ಸೆ ನಿಲ್ಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಖಾಸಗಿ ಆಸ್ಪತ್ರೆ ಕೂಡ ತುರ್ತು ಚಿಕಿತ್ಸೆಗೆ ಮುಂಗಡ ಹಣ ಕಟ್ಟಿ ಅಂತ ಒತ್ತಾಯ ಮಾಡುವಂತಿಲ್ಲ. ನಮ್ಮ ರಾಜ್ಯದ ಕಾನೂನಿನಲ್ಲೇ ಇದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಯಾವುದು ಬರುತ್ತದೆ ಅಂತ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಹತ್ತಿರ ಮೊದಲ ದಿನವೇ ಕೇಳಿ. ಡಿಸ್ಚಾರ್ಜ್ ದಿನ ಕೇಳಿದರೆ ತಡವಾಗುತ್ತದೆ.

ಹಂತ 9: ಆಮೇಲೆ

ನಮ್ಮಲ್ಲಿಗೆ ಬರುವ ಹೆಚ್ಚಿನ ಮಕ್ಕಳು ಅದೇ ದಿನ ಮನೆಗೆ ಹೋಗುತ್ತಾರೆ. ಕೆಲವರನ್ನು ನಾಲ್ಕಾರು ಗಂಟೆ ಇಟ್ಟುಕೊಂಡು ನೋಡುತ್ತೇವೆ: ತಲೆಗೆ ಪೆಟ್ಟು, ಸೀಮೆಎಣ್ಣೆ, ನೆಬುಲೈಸ್ ಮಾಡಿದ (ಮಶೀನಿನಿಂದ ಔಷಧಿಯ ಹಬೆ ಕೊಟ್ಟ) ದಮ್ಮು. ಸುಮ್ನೆ ಮಲಗಿಸಿದ್ದಾರೆ ಅನ್ನಿಸಬಹುದು, ಆ ಕಾಯುವಿಕೆಯೇ ಚಿಕಿತ್ಸೆ.

ಜ್ವರದ ಫಿಟ್ಸ್ ಬಂದ ಮಗುವಿಗೆ ಬುದ್ಧಿ ಮಂದವಾಗುವುದಿಲ್ಲ. ಮೂರರಲ್ಲಿ ಒಂದು ಮಗುವಿಗೆ ಇನ್ನೊಮ್ಮೆ ಬರಬಹುದು, 5 ವರ್ಷ ದಾಟಿದ ಮೇಲೆ ಸಾಮಾನ್ಯವಾಗಿ ನಿಲ್ಲುತ್ತದೆ. ಎಳೆ ಕೂಸುಗಳ ಕಫದ ಕಾಯಿಲೆ ಬ್ರಾಂಕಿಯೋಲೈಟಿಸ್ ಮೂರರಿಂದ ಐದನೇ ದಿನಕ್ಕೆ ಜೋರಾಗಿ ಆಮೇಲೆ ಇಳಿಯುತ್ತದೆ. ಎರಡನೇ ದಿನ ಮನೆಗೆ ಕಳಿಸಿದ್ದರೆ ನಾಲ್ಕನೇ ದಿನ ಜಾಸ್ತಿಯಾಯಿತು ಅಂತ ಡಾಕ್ಟರನ್ನು ಬದಲಿಸಬೇಡಿ, ವಾಪಸ್ ಬನ್ನಿ. ಭೇದಿಯಿಂದ ಬತ್ತಿದ ಮಗು ಡ್ರಿಪ್ ಹೋದ ಕೆಲವೇ ಗಂಟೆಯಲ್ಲಿ ಮೂತ್ರ ಮಾಡಿ ಕಣ್ಣು ಬಿಡುತ್ತದೆ. ನಮ್ಮ ಕೆಲಸದಲ್ಲಿ ಇಷ್ಟು ಬೇಗ ಖುಷಿ ಕೊಡುವ ಕಾಯಿಲೆ ಇನ್ನೊಂದಿಲ್ಲ.

ಮಕ್ಕಳ ಐಸಿಯುಗೆ ಹೋಗಬೇಕು ಅಂದರೆ ಎಲ್ಲ ಮುಗಿಯಿತು ಅಂತಲ್ಲ. ಪ್ರತಿ ಗಂಟೆಗೂ ನೋಡಬೇಕಾದ ಮಗು ಅಂತ ಅರ್ಥ. ಕೆಲವು ಮಕ್ಕಳು ಉಳಿಯುವುದಿಲ್ಲ, ಅದನ್ನೂ ಹೇಳಬೇಕು. ತಡವಾಗಿ ಬಂದ ನ್ಯುಮೋನಿಯಾ, ರಕ್ತಕ್ಕೆ ಹತ್ತಿದ ಸೋಂಕು, ಕ್ರಿಮಿನಾಶಕ, ಮೊದಲೇ ಅಪೌಷ್ಟಿಕತೆ ಇದ್ದ ಮಗು, ಹೆಚ್ಚಾಗಿ ಇವರೇ. ಡಾಕ್ಟರು ಮಾತಾಡುವಾಗ ಮನೆಯಿಂದ ಒಬ್ಬರೇ ನಿಂತು ಕೇಳಿ, ಉಳಿದವರಿಗೆ ಅವರು ಹೇಳಲಿ. “ಈಗ ನಿನ್ನೆಗಿಂತ ಹೇಗಿದೆ, ಮುಂದಿನ 24 ಗಂಟೆಯಲ್ಲಿ ಏನು ನೋಡ್ತೀರಿ” ಅಂತ ಕೇಳಿ. ಎಷ್ಟು ಪರ್ಸೆಂಟ್ ಗ್ಯಾರಂಟಿ ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇರುವುದಿಲ್ಲ.

ನಮ್ಮದೇ ಜವಾಬ್ದಾರಿ ಅಂತ ಬರೆದುಕೊಟ್ಟು ಮಗುವನ್ನು ಕರೆದುಕೊಂಡು ಹೋಗುತ್ತೇವೆ ಅನ್ನುವ ಮೊದಲು ಕಾರಣ ಹೇಳಿ. ದುಡ್ಡಾ? ಯೋಜನೆ ನೋಡೋಣ, ಸರ್ಕಾರಿ ಆಸ್ಪತ್ರೆಗೆ ಕಳಿಸೋಣ. ಹೊಲದ ಕೆಲಸವಾ, ಮನೆಯಲ್ಲಿ ಇನ್ನೊಂದು ಕೂಸಾ? ಅದಕ್ಕೂ ದಾರಿ ಹುಡುಕಬಹುದು. ಬೇರೆ ಕಡೆ ಹೋಗುವುದೇ ಆದರೆ ರೆಫರಲ್ ಚೀಟಿ, ಕೊಟ್ಟ ಔಷಧಿಯ ಪಟ್ಟಿ, ಆಂಬುಲೆನ್ಸ್ ಮೂರೂ ಕೇಳಿ. ಆಕ್ಸಿಜನ್ ಮೇಲಿರುವ ಮಗುವನ್ನು ಕಾರಿನಲ್ಲಿ ಒಯ್ಯಬೇಡಿ.

ಡಿಸ್ಚಾರ್ಜ್ ಆಗುವಾಗ ಎಲ್ಲರಿಗೂ ಬಸ್ಸಿನ ಗಡಿಬಿಡಿ. ಆದರೂ ಐದು ನಿಮಿಷ ನಿಲ್ಲಿ. ಪ್ರತಿ ಔಷಧಿ ಎಷ್ಟು ಮಿ.ಲೀ., ಎಷ್ಟು ದಿನ ಅಂತ ಬಾಟಲಿಯ ಮೇಲೇ ಪೆನ್ನಿನಲ್ಲಿ ಬರೆಸಿ. ಇವತ್ತಿನ ಮುಂದಿನ ಡೋಸ್ ಎಷ್ಟು ಗಂಟೆಗೆ ಅಂತ ಕೇಳಿ. ಆ್ಯಂಟಿಬಯೋಟಿಕ್ ಪುಡಿಗೆ ನೀರು ಎಲ್ಲಿಯವರೆಗೆ ಹಾಕಬೇಕು ಅಂತ ನಮ್ಮ ಮುಂದೆಯೇ ಕಲಸಿ ತೋರಿಸಿ. ಯಾವ ಲಕ್ಷಣ ಕಂಡರೆ ವಾಪಸ್ ಬರಬೇಕು, ಚೆಕಪ್ಪಿಗೆ ಯಾವ ದಿನ ಅಂತ ಚೀಟಿಯಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ಬರೆಸಿ. ತಪ್ಪಿಹೋದ ಲಸಿಕೆ ಇದ್ದರೆ ಯಾವಾಗ ಹಾಕಿಸಬಹುದು ಅಂತ ಕೇಳಿ. ಕ್ಯಾನುಲಾ ತೆಗೆದ ಜಾಗ ಮಾರನೇ ದಿನ ಕೆಂಪಾಗಿ ಊದಿಕೊಂಡರೆ ಅದನ್ನೂ ತೋರಿಸಲು ಬನ್ನಿ.